ದರಕಿನ ಕಾಡಿನಲ್ಲಿ ಕಂಡಕ್ಟರ್ ಸೀಟಿ

ನಾನು ಪುಕ್ಕಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ಬೆಳಕೆಯ ಮೀನುಗಾರರ ಮನೆಯಲ್ಲಿ ಹುಟ್ಟಿ, ಮಳೆಗಾಲದ ಕಡಲಿಗೂ ಅಷ್ಟಾಗಿ ಹೆದರದವನು, ನಾಲ್ಕು ಮರ ಒಟ್ಟಿಗೆ ನಿಂತರೆ ಬೆವರುತ್ತೇನೆ. ಕಡಲಿನಲ್ಲಿ ಬರುವುದೆಲ್ಲ ದೂರದಿಂದಲೇ ಕಾಣುತ್ತದೆ. ಕಾಡಿನಲ್ಲಿ ಪಕ್ಕದಲ್ಲೇ ಇದ್ದದ್ದೂ ಕಾಣುವುದಿಲ್ಲ.

ಇಂಥವನನ್ನು ಕಾಡಿಗೆ ಎಳೆದವರು ನನ್ನ ಭಾವ, ಅಕ್ಕನ ಗಂಡ. ಹಳದೀಪುರದವರು, ಕುಮಟಾ-ಭಟ್ಕಳ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಆಯುಷ್ಯವೆಲ್ಲ ನಿಂತೇ ಪ್ರಯಾಣ ಮಾಡಿದವರಿಗೆ ಕೂತು ಹೋಗುವ ಆಸೆ ಹುಟ್ಟಿತೋ ಏನೋ, ಮುರ್ಡೇಶ್ವರದ ಹೋಟೆಲಿನವರೊಬ್ಬರು ಪ್ರವಾಸಿಗಳಿಗೆಂದು ತಂದು ಮೂಲೆಗೆ ಹಾಕಿದ್ದ ಎರಡು ಗ್ರಾವೆಲ್ ಸೈಕಲ್ ಕೊಂಡುಬಂದರು. ಟಗರಿನ ಕೋಡಿನ ಹಾಗೆ ಬಾಗಿದ ಹ್ಯಾಂಡಲ್, ಜಲ್ಲಿಕಲ್ಲಿನ ಮೇಲೂ ಓಡುವ ದಪ್ಪ ಟಯರು. ಒಂದು ಅವರಿಗೆ, ಒಂದು ನನಗೆ. ನನಗೆ ಆಗಷ್ಟೇ ಶುಗರ್ ಬಂದಿತ್ತು, ಹಾಗಾಗಿ ಬೇಡ ಎನ್ನಲು ಅಕ್ಕ ಬಿಡಲಿಲ್ಲ.

ರೈಲು ಹಳಿ ಹಾಕುವಾಗ ಕಲ್ಲುಮಣ್ಣಿನ ಲಾರಿಗಳಿಗೆಂದು ಗುಡ್ಡದ ಬುಡದಲ್ಲಿ ಕಡಿದ ಕಚ್ಚಾ ದಾರಿಗಳು ನಮ್ಮ ಕಡೆ ಅಲ್ಲಲ್ಲಿ ಇನ್ನೂ ಉಳಿದಿವೆ. ರೈಲು ಓಡತೊಡಗಿದ ಮೇಲೆ ಅವನ್ನು ಕೇಳುವವರಿಲ್ಲ. ಒಂದು ಮಗ್ಗುಲಲ್ಲಿ ಹಳಿ, ಇನ್ನೊಂದು ಮಗ್ಗುಲಲ್ಲಿ ಕಾಡು. ಭಾವನಿಗೆ ಆ ದಾರಿಗಳೆಂದರೆ ಪ್ರಾಣ.

"ದಿನಾ ಬಸ್ಸಿನ ಕಿಟಕಿಯಿಂದ ನೋಡಿದ ಗುಡ್ಡ ಮಾರಾಯ ಇದು. ಒಂದ್ಸಲ ಹತ್ರ ಹೋಗಿ ಮಾತಾಡ್ಸೂದು ಬ್ಯಾಡ್ವಾ?"

"ಹುಲಿ ಬಂದ್ರೆ ಎಂತ ಮಾಡೂದು ಭಾವ?"

"ಟಿಕೆಟ್ ಕೇಳ್ವ."

ಹೀಗೆ ನಗಾಡಿದರೂ ಕನಿಕರವಿದ್ದ ಮನುಷ್ಯ. ತಮ್ಮ ಹಳೆಯ ಸೀಟಿಯನ್ನು ನನ್ನ ಕೊರಳಿಗೆ ಹಾಕಿ, "ಹೆದ್ರಿಕೆ ಆದ್ರೆ ಊದು, ನಾನು ನಿಲ್ತೆ" ಎಂದಿದ್ದರು. ನಾನು ಊದುತ್ತಿದ್ದೆ, ಅವರು ನಿಲ್ಲುತ್ತಿದ್ದರು. ಒಂದೇ ಒಂದು ಸಲವೂ ಬೇಸರ ಮಾಡಿಕೊಂಡದ್ದಿಲ್ಲ.

ಆ ದಿನ ಹೊನ್ನಾವರದ ದಕ್ಷಿಣಕ್ಕೆ ಅಂಥದೊಂದು ದಾರಿಯಲ್ಲಿದ್ದೆವು. ಚಳಿ ಮುಗಿದು ಎಲೆ ಉದುರುವ ಕಾಲ, ಮಧ್ಯಾಹ್ನ ಇಳಿದಿತ್ತು. ಟಯರಿನ ಕೆಳಗೆ ದರಕು ಸಿಕ್ಕಿ ಪುಡಿಯಾಗುತ್ತಿತ್ತು. ದರಕು ಎಂದರೆ ಒಣಗಿ ಬಿದ್ದ ಎಲೆ. ಕೊಟ್ಟಿಗೆಗೆ ಹಾಸಲು, ಗೊಬ್ಬರ ಮಾಡಲು ಹೆಂಗಸರು ಇದೇ ಕಾಲದಲ್ಲಿ ಗುಡಿಸಿ ಒಯ್ಯುತ್ತಾರೆ. ಮೇಲೆ ಎಲ್ಲೋ ಅವರ ಹಾಡೂ ಕೇಳುತ್ತಿತ್ತು. ಒಬ್ಬಳು ಸಾಲು ಎತ್ತಿಕೊಡುವುದು, ಉಳಿದವರು ಹಿಡಿದು ಹಾಡುವುದು. ಮನುಷ್ಯರಿದ್ದಾರೆಂದು ನನಗೆ ಸಮಾಧಾನವಾಗಿತ್ತು. ಇಳಿಜಾರಿನಲ್ಲಿ ಭಾವ ಬ್ರೇಕು ಬಿಟ್ಟರು.

ಮೋರಿಯೊಂದು ಮಳೆಗೆ ಕೊಚ್ಚಿಹೋಗಿತ್ತು. ಅದರ ಬಾಯಿಗೆ ದರಕು ತುಂಬಿ ದಾರಿಯ ಹಾಗೇ ಕಾಣುತ್ತಿತ್ತು. ಮುಂದಿದ್ದ ಭಾವ ಸೈಕಲ್ ಸಮೇತ ಮಾಯವಾದರು.

ಇಳಿದು ನೋಡಿದರೆ ಕಾಲು ಮೊಣಕಾಲಿನ ಕೆಳಗೆ ಮಡಚಬಾರದ ಕಡೆಗೆ ಮಡಚಿತ್ತು. ತೊಡೆಯನ್ನು ಒಡೆದ ಸಿಮೆಂಟಿನ ತುಂಡೊಂದು ಸೀಳಿತ್ತು. ಟವೆಲ್ ಬಿಗಿದು ಕಟ್ಟಿದೆ. ಅದು ನೋಡುತ್ತಿದ್ದಂತೆ ಕೆಂಪಾಯಿತು. ಫೋನಿನಲ್ಲಿ ಸಿಗ್ನಲ್ ಇಲ್ಲ. ಬಿಟ್ಟು ಓಡಿಹೋಗಿ ಜನ ಕರೆದು ತರೋಣವೆಂದರೆ ಭಾವ ನನ್ನ ಅಂಗಿ ಹಿಡಿದುಕೊಂಡು, "ಹೋಗ್ಬ್ಯಾಡ ಮಾರಾಯ" ಎಂದರು. ಅವರ ಬಾಯಿಂದ ಅಂಥ ಮಾತು ನಾನು ಯಾವತ್ತೂ ಕೇಳಿರಲಿಲ್ಲ.

ಆದರೆ ಮೇಲೆ ಹಾಡುವವರಿದ್ದರಲ್ಲ! ಸೀಟಿ ಬಾಯಿಗಿಟ್ಟು ಉಸಿರು ಇದ್ದಷ್ಟೂ ಊದಿದೆ.

ಹಾಡು ನಿಂತಿತು.

ಇಳಿದು ಬರುತ್ತಿದ್ದಾರೆಂದು ಕಾದೆ. ಯಾರೂ ಬರಲಿಲ್ಲ. ಮತ್ತೆ ಊದಿದೆ. ಮೇಲೆ ದರಕು ಸರಸರ ಎಂದು ಸದ್ದು ಮಾಡಿ, ಅದೂ ನಿಂತಿತು. ಇನ್ನೊಮ್ಮೆ ಊದಿದರೆ ಹಕ್ಕಿಯೂ ಕೂಗಲಿಲ್ಲ. ಈಗಷ್ಟೇ ಹಾಡಿದವರು ಎಲ್ಲಿ ಹೋದರು? ಹಾಡಿದವರು ಮನುಷ್ಯರೇ ಹೌದೇ? ನಗಬೇಡಿ, ಅಲ್ಲಿದ್ದಿದ್ದರೆ ನೀವೂ ಹಾಗೇ ಯೋಚಿಸುತ್ತಿದ್ದಿರಿ. ಮರಗಳ ಹಿಂದಿನಿಂದ ಯಾರೋ ನನ್ನನ್ನು ನೋಡುತ್ತಿದ್ದಾರೆಂದು ಬೆನ್ನಿಗೆ ಗೊತ್ತಾಗುತ್ತಿತ್ತು. ನಾನು ಹೆಚ್ಚು ಊದಿದಷ್ಟೂ ಕಾಡು ಹೆಚ್ಚು ಸುಮ್ಮನಾಗುತ್ತಿತ್ತು.

ಅಷ್ಟರಲ್ಲಿ ರೈಲು ಬಂತು. ಹಳಿಯ ಏರಿಯ ಕಡೆಗೆ ಓಡಿ ಎರಡೂ ಕೈ ಬೀಸಿದೆ. ಕಿಟಕಿಯಲ್ಲಿದ್ದವರೊಬ್ಬರು ನಗುತ್ತ ನನಗೆ ಟಾಟಾ ಮಾಡಿದರು. ಅಷ್ಟು ಹತ್ತಿರದಲ್ಲಿ ಅಷ್ಟು ಜನ ಹೋದ ಮೇಲೆ ನನಗೆ ಬಂದಂಥ ಹೆದರಿಕೆ ಅಲ್ಲಿಯವರೆಗೆ ಬಂದಿರಲಿಲ್ಲ.

ವಾಪಸು ಬಂದಾಗ ಭಾವ ಕಣ್ಣು ಮುಚ್ಚಿದ್ದರು. "ಭಾವ" ಎಂದೆ. "ಹ್ಞಾಂ" ಎಂದರು. ಮತ್ತೆ ಕರೆದಾಗ ತುಟಿ ಮಾತ್ರ ಅಲುಗಿತು. ಮೂರನೆಯ ಸಲ ಅದೂ ಇಲ್ಲ. ಸೀಟಿ ನನ್ನ ಬಾಯಿಂದ ಬಿತ್ತು. ಮಂಜು ಕವಿದಾಗ ದೋಣಿಯಿಂದ ದೋಣಿಗೆ ಕೂಗುತ್ತಾರಲ್ಲ, ಹಾಗೆ "ಹೋಯ್... ಹೋಯ್..." ಎಂದು ಕೂಗಿದೆ. ಕೂಗುತ್ತ ಕೂಗುತ್ತ ಅಳು ಬಂತು. "ನಮ್ಮ ಭಾವ ಸಾಯ್ತ್ರು! ಯಾರಾದ್ರೂ ಬನ್ರೋ!"

ದರಕು ಮತ್ತೆ ಸರಸರ ಎಂದಿತು. ಒಂದು ಮರದ ಬುಡದ ಹಿಂದಿನಿಂದ ಒಂದು ತಲೆ ಎದ್ದಿತು, ಪೊದೆಯಿಂದ ಇನ್ನೊಂದು. ಕತ್ತಿ ಹಿಡಿದ ನಾಲ್ಕೈದು ಹೆಂಗಸರು ಇಳಿಜಾರಿನಲ್ಲಿ ಜಾರುತ್ತ ಬಂದರು. ಎಲ್ಲರಿಗಿಂತ ಹಿರಿಯಳಾದವಳು ಭಾವನನ್ನು ನೋಡಿ, ನನ್ನ ಕೊರಳು ನೋಡಿ, ಸಿಟ್ಟಿನಿಂದಲೇ ಕೇಳಿದಳು.

"ಎಂತಕ್ಕೆ ಸೀಟಿ ಊದ್ತ್ರಿ? ಬಾಯಿ ಇಲ್ವಾ ನಿಮ್ಗೆ? ಗಾರ್ಡು ಬಂದ್ರು ಅಂತ ಜೀವ ಕೈಯಲ್ಲಿ ಹಿಡ್ಕಂಡು ಅಡಗಿದ್ವು ನಾವು!"

ಆಗ ತಿಳಿಯಿತು. ಆ ಕಾಡಿನಲ್ಲಿ ಸೀಟಿ ಊದುವವರು ಅರಣ್ಯ ಇಲಾಖೆಯ ಗಾರ್ಡ್ ಒಬ್ಬರೇ. ದರಕಿಗೆ ಹೋದವರು ಒಲೆಗೆಂದು ಒಂದೆರಡು ಹಸಿ ಟೊಂಗೆಯನ್ನೂ ಕಡಿದಿರುತ್ತಾರೆ, ಸಿಕ್ಕಿಬಿದ್ದರೆ ದಂಡ. ನಾನು ಸಹಾಯಕ್ಕೆಂದು ಊದಿದಷ್ಟು ಸಲವೂ ಅವರು ಇನ್ನಷ್ಟು ಮುದುಡಿ ಕೂತಿದ್ದರು. ಇತ್ತ ಕೆಳಗೆ ಭಾವನ ರಕ್ತ ಹೋಗುತ್ತಲೇ ಇತ್ತು.

ಮಾತಿಗೆ ಹೊತ್ತಿರಲಿಲ್ಲ. ದರಕು ಹೊರಲು ಅವರು ತಂದದ್ದು ಹಳೆಯ ಮೀನುಬಲೆ. ನಮ್ಮ ಕೇರಿಯಲ್ಲಿ ಹರಿದು ಬಿಸಾಡಿದ ಬಲೆಗಳನ್ನು ಗುಡ್ಡದ ಕಡೆಯವರು ಒಯ್ಯುವುದು ಗೊತ್ತಿತ್ತು. ಹಿರಿಯಳು ತುಂಬಿ ಕಟ್ಟಿದ್ದ ಹೊರೆಯನ್ನು ಬಿಚ್ಚಿ ಇಡೀ ದಿನದ ದರಕನ್ನು ಸುರಿದುಬಿಟ್ಟಳು. ಬಲೆಯನ್ನು ಮಡಚಿ, ನೇರವಾದ ಒಂದು ಟೊಂಗೆಯನ್ನು ಕಾಲಿಗೆ ಕಟ್ಟಿ, ಭಾವನನ್ನು ಮಲಗಿಸಿ ಎತ್ತಿದರು. ನಾನು ಒಂದು ಮೂಲೆ ಹಿಡಿದಿದ್ದೆ. ದಾರಿಯುದ್ದಕ್ಕೂ ಅವರು ಹಿಂದೆ ತಿರುಗಿ ನೋಡುತ್ತಲೇ ಇದ್ದರು. ನಾನು ಭಾವನ ಎದೆ ಏಳುತ್ತಿದೆಯೇ ಎಂದು ನೋಡುತ್ತಿದ್ದೆ.

ಡಾಂಬರು ರಸ್ತೆ ಕಂಡಾಗ ಮರಗಳ ಅಂಚಿನಲ್ಲೇ ಇಳಿಸಿದರು. "ಇನ್ನು ನೀವು ಗಾಡಿಗೆ ಕೈ ಮಾಡಿ. ನಾವು ಇದ್ವು ಅಂತ ಯಾರ ಹತ್ರನೂ ಹೇಳ್ಬ್ಯಾಡಿ" ಎಂದಳು ಹಿರಿಯಳು. ಮೀನು ಇಳಿಸಿ ಬರುತ್ತಿದ್ದ ಟೆಂಪೋ ಒಂದು ನಿಂತಿತು. ಡ್ರೈವರ್ ಜೊತೆ ಭಾವನನ್ನು ಬಲೆ ಸಮೇತ ಎತ್ತಿ ಹಾಕಿ ತಿರುಗಿದರೆ ಅಲ್ಲಿ ಯಾರೂ ಇರಲಿಲ್ಲ.

ಭಾವ ಬದುಕಿದರು. ಕಾಲಿಗೆ ರಾಡು ಹಾಕಿದ್ದಾರೆ. "ಹೆಂಗಸರು ಹೊತ್ತಿದ್ದು ನನ್ನ, ಏದುಸಿರು ಬಿಟ್ಟಿದ್ದು ನೀನು" ಎಂದು ಈಗ ಹೊರಗಿನವರು ಇಲ್ಲದಾಗ ಅಕ್ಕನ ಮುಂದೆ ನನ್ನ ಮರ್ಯಾದೆ ತೆಗೆಯುತ್ತಾರೆ. ಅಕ್ಕ ಆಸ್ಪತ್ರೆಯಿಂದ ತಂದ ಬಲೆಯನ್ನು ಉಪ್ಪು ಹಾಕಿ ತೊಳೆದು ಒಣಗಿಸಿದಳು. ಅದರ ಹರಕುಗಳನ್ನು ನಾನೇ ಕೂತು ನೇಯ್ದೆ, ಅಪ್ಪ ಕಲಿಸಿದ ವಿದ್ಯೆ ಅಷ್ಟಾದರೂ ಕೈಯಲ್ಲಿತ್ತು.

ಕೆಲವು ವಾರದ ಮೇಲೆ ಬಲೆಯನ್ನು, ಆಮೇಲೆ ತರಿಸಿಕೊಂಡಿದ್ದ ನನ್ನ ಸೈಕಲ್ಲಿಗೆ ಕಟ್ಟಿಕೊಂಡು ಆ ದಾರಿಗೆ ಒಬ್ಬನೇ ಹೋದೆ. ಹೆದರಿಕೆ ಹೋಗಿತ್ತೆಂದು ತಿಳಿಯಬೇಡಿ, ಒಣ ಕಡ್ಡಿ ಮುರಿದರೂ ಎದೆ ಹಾರುತ್ತಿತ್ತು. ಸೀಟಿಯನ್ನು ಮನೆಯಲ್ಲೇ ಬಿಟ್ಟಿದ್ದೆ. ಮೋರಿಯ ಹತ್ತಿರ ಹಾಡು ಕೇಳಿತು. ಇಳಿದು ಸೈಕಲ್ ತಳ್ಳತೊಡಗಿದೆ. ಚಕ್ರದ ಟಿಕ್ ಟಿಕ್ ಸದ್ದು ಮೇಲಕ್ಕೆ ಮುಟ್ಟಿರಬೇಕು, ಹಾಡು ಫಕ್ಕನೆ ನಿಂತಿತು.

"ಹೋಯ್!" ಎಂದೆ. "ಗಾರ್ಡ್ ಅಲ್ಲ, ನಾನು! ಬಲೆ ತಂದಿದ್ದೆ!"

ಅದೇ ಮೌನ. ಆದರೆ ಈ ಸಲ ಆ ಮೌನದೊಳಗೆ ಉಸಿರು ಬಿಗಿಹಿಡಿದು ಕೂತವರು ಯಾರೆಂದು ನನಗೆ ಗೊತ್ತಿತ್ತು. ಕದಲದೆ ನಿಂತೆ.

ಕೊನೆಗೆ ಮರದ ಹಿಂದಿನಿಂದ, ಮುಖ ತೋರಿಸದೆ, ಹಿರಿಯಳ ದನಿ ಬಂತು. ಅಷ್ಟು ದಿನವೂ ಯಾರ ಹತ್ತಿರವೂ ಕೇಳುವ ಹಾಗಿಲ್ಲದೆ ಒಳಗೇ ಇಟ್ಟುಕೊಂಡಿದ್ದ ಮಾತು ಅದು.

"ಭಾವ ಉಳದ್ರಾ?"

"ಉಳದ್ರು" ಎಂದೆ. ಆಮೇಲಷ್ಟೇ ಅವರು ಒಬ್ಬೊಬ್ಬರಾಗಿ ಎದ್ದು ನಿಂತರು.