ಅಡಮಾನದ ಒಂದಕ್ಷರ

ಫೈನಾನ್ಸ್ ಕಂಪನಿಯವರು ಹಾಡಹಗಲೇ ಬಂದು ಕುರುಗೋಡಿನ ನಮ್ಮ ಮನೆಯ ಮುಂಗೋಡೆಯ ಮೇಲೆ ಕಪ್ಪು ಬಣ್ಣದಲ್ಲಿ ಬರೆದು ಹೋಗಿದ್ದರು: ‘ಈ ಮನೆ ಅವಮಾನದಲ್ಲಿದೆ.’ ನಾನು ಶಾಲೆ ಮುಗಿಸಿ ಬಳ್ಳಾರಿ ಬಸ್ಸಿಳಿದು ಬಂದಾಗ ಬಣ್ಣ ಇನ್ನೂ ಹಸಿಯಿತ್ತು. ‘ಅಡಮಾನ’ ಎಂದಿರಬೇಕಿತ್ತು, ಡ ಹೋಗಿ ವ ಕೂತಿತ್ತು. ಎದುರು ಮನೆಯವರು ಕಿಟಕಿಯಿಂದ ನೋಡುತ್ತಿದ್ದರು. ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು, ಅದೂ ಕಾಗುಣಿತದ ಮೇಲೆ. ಕನ್ನಡ ಕಲಿಸುವವಳ ಹಣೆಬರಹ ಅಷ್ಟೇ.

ನನ್ನ ಗಂಡ ಹೊಸ್ತಿಲ ಮೇಲೆ ಕೂತಿದ್ದರು. ಮದುವೆಯಾದಾಗಿನಿಂದ ‘ಟೀಚರಮ್ಮ’ ಎಂದು ಕರೆದು ಕಾಡುವವರು, ಮದುವೆ ಪತ್ರಿಕೆಗಳಲ್ಲೂ ತಪ್ಪು ಹುಡುಕುತ್ತಾಳೆ ಎಂದು ಊರೆಲ್ಲ ಹೇಳಿ ನಗುವವರು, ಅಂದು ನನ್ನ ಕೈಚೀಲ ಇಸಿದುಕೊಂಡು ಒಳಗೆ ನಡೆದುಬಿಟ್ಟರು.

ಬಳ್ಳಾರಿಯಲ್ಲಿ ಅವರದೊಂದು ಜೀನ್ಸ್ ಹೊಲಿಯುವ ಸಣ್ಣ ಶೆಡ್ಡು. ಹೊಸ ಮಷಿನ್ನುಗಳಿಗೆಂದು ಮನೆಯ ಮೇಲೆ ಸಾಲ ತೆಗೆದೆವು. ಕಂಟೋನ್ಮೆಂಟಿನ ಕಡೆಯಿದ್ದ ಕಂಪನಿಯ ಆಫೀಸಿನಲ್ಲಿ ಮ್ಯಾನೇಜರು ಟೀ ಕುಡಿಸಿದರು. “ನೀವು ನಮ್ಮ ಮನಿಯವರಿದ್ದಂಗ. ಇಲ್ಲೊಂದು ಸೈನ್ ಹಾಕ್ರಿ ಮೇಡಂ, ಇಲ್ಲೊಂದು” ಎನ್ನುತ್ತ ಪುಟ ತಿರುವಿದರು. ಇಂಗ್ಲಿಷಿನ ಆ ಕಾಗದಗಳ ಕೊನೆಗೆ ಒಂದೇ ಸಾಲು ಕನ್ನಡ: ‘ಇದರಲ್ಲಿರುವುದನ್ನೆಲ್ಲ ನನಗೆ ನನ್ನ ಭಾಷೆಯಲ್ಲಿ ಓದಿ ಹೇಳಿದ್ದಾರೆ, ಅರ್ಥವಾಗಿದೆ.’ ಯಾರೂ ಏನೂ ಓದಿ ಹೇಳಿರಲಿಲ್ಲ. ಟೀ ಆರುವ ಮೊದಲೇ ಇಬ್ಬರದೂ ಸಹಿ ಮುಗಿದಿತ್ತು. ಬಡ್ಡಿ ಏರಬಹುದೆಂದು ನಮಗೆ ಗೊತ್ತಾದದ್ದು ಅದು ಏರಿದ ಮೇಲೆ. ಶೆಡ್ಡಿಗೆ ಆರ್ಡರು ಕಡಿಮೆಯಾಯಿತು, ಕಂತು ತಪ್ಪಿತು, ಕಂತಿನ ಬೆನ್ನಿಗೆ ದಂಡ ಬಂತು. ನೋಟಿಸು ಬಂತು. ಆಮೇಲೆ ಈ ಬಣ್ಣ.

ಸಿರುಗುಪ್ಪದಲ್ಲಿ ಬಿಟ್ಟಿಯಾಗಿ ಕಾನೂನು ಸಲಹೆ ಕೊಡುವ ವಕೀಲರೊಬ್ಬರಿದ್ದಾರೆಂದು ತಿಳಿದು ಇಬ್ಬರೂ ಹೋದೆವು. ದಾರಿಯುದ್ದಕ್ಕೂ ಭತ್ತದ ಗದ್ದೆ ಹಸಿರಾಗಿತ್ತು. ನನಗೆ ಅದನ್ನು ನೋಡಿದರೂ ಹೊಟ್ಟೆ ಉರಿಯಿತು. ವಕೀಲರು ಒಳ್ಳೆಯವರು, ಕಾಗದಗಳನ್ನೆಲ್ಲ ತಾಳ್ಮೆಯಿಂದ ಓದಿದರು.

“ಕಾನೂನು ಬೇಕಾದಷ್ಟು ಐತ್ರಿ. ಗ್ವಾಡಿ ಮ್ಯಾಲ ಬರದು ಮರ್ಯಾದಿ ತಗಿಯಂಗಿಲ್ಲ. ನಿಮಗ ತಿಳಿಯೋ ಭಾಷಾದಾಗ ಹೇಳದೆ ಸೈನ್ ಮಾಡಿಸ್ಕೊಳ್ಳಂಗಿಲ್ಲ.”

“ಹೇಳೇ ಇಲ್ರಿ ಅವರು” ಎಂದೆ.

ಅವರು ಆ ಕನ್ನಡದ ಸಾಲಿನ ಮೇಲೆ ಬೆರಳಿಟ್ಟರು. “ಹೇಳ್ಯಾರಂತ ನೀವ ಸೈನ್ ಮಾಡೀರಲ್ರಿ, ಮೇಡಂ.”

ಸರ್ಕಾರ ಸಾಲಗಾರರನ್ನು ಕಾಯಲು ಹೊಸ ಕಾನೂನು ಮಾಡಿದೆ ಎಂದು ಟಿವಿಯಲ್ಲಿ ನೋಡಿದ್ದೆ. ಕೇಳಿದೆ. ಅದು ನೋಂದಣಿಯಿಲ್ಲದೆ ಸಾಲ ಕೊಡುವವರ ಮೇಲಂತೆ. ನಮ್ಮ ಕಂಪನಿಗೆ ನೋಂದಣಿ ಇತ್ತು. ನಾವು ಅರ್ಜಿ ಹಾಕಬೇಕಾದ ನ್ಯಾಯಮಂಡಳಿ ಬೆಂಗಳೂರಿನಲ್ಲಿ. ಹೋದರೂ, ಮನೆ ಜಪ್ತಿಗೆ ತಡೆ ಬೇಕಿದ್ದರೆ ಮೊದಲು ಒಂದಿಷ್ಟು ಹಣ ಕಟ್ಟಿ ಎನ್ನುತ್ತಾರಂತೆ. ಕಟ್ಟಲು ಹಣವಿದ್ದರೆ ನಾವೇಕೆ ಅಲ್ಲಿಗೆ ಹೋಗುತ್ತಿದ್ದೆವು? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದನ್ನು ನಾನು ಗಾದೆಯೆಂದು ಮಕ್ಕಳಿಗೆ ಪಾಠ ಮಾಡಿದವಳು.

“ಕಂಪನಿಗೊಂದು ದೂರು ಬರೀರಿ. ಅದಕ್ಕ ಉತ್ತರ ಕೊಡಲೇಬೇಕು” ಎಂದು ವಕೀಲರು ಕಳಿಸಿಕೊಟ್ಟರು.

ಬರೆದೆ. ಬಡ್ಡಿ, ದಂಡ, ಓದಿ ಹೇಳದ ಕಾಗದ, ಗೋಡೆ, ಒಂದನ್ನೂ ಬಿಡಲಿಲ್ಲ. ಮನಸ್ಸು ತಡೆಯದೆ ಕೊನೆಗೆ, ‘ಅಡಮಾನ ಎಂಬ ಪದವನ್ನೂ ತಪ್ಪಾಗಿ ಬರೆದಿದ್ದೀರಿ’ ಎಂದು ಸೇರಿಸಿದೆ.

ಉತ್ತರ ಬಂತು, ಬಣ್ಣದ ಡಬ್ಬಿ ಹಿಡಿದು. ಬಂದ ಆಳು ‘ವ’ದ ಮೇಲೆ ಸುಣ್ಣ ಬಳಿದು ‘ಡ’ ಬರೆದು, ಫೋಟೊ ಹೊಡೆದುಕೊಂಡು ಹೋದ. ಸಂಜೆ ನನ್ನ ಮೊಬೈಲಿಗೆ ಸಂದೇಶ: ‘ನಿಮ್ಮ ದೂರನ್ನು ಪರಿಹರಿಸಲಾಗಿದೆ.’ ನಾನು ನಕ್ಕೆ. ನಗುತ್ತಲೇ ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗಿಟ್ಟು ಅತ್ತೆ.

ಮನೆ ಬಿಟ್ಟ ದಿನ ಬಿಸಿಲು ಜೋರಿತ್ತು. ಜಪ್ತಿಯ ಆದೇಶ ಹಿಡಿದು ಬಂದವರು ಬೀಗ ಜಡಿದು ಮುದ್ರೆ ಒತ್ತಿದರು. ಸಾಮಾನು ತುಂಬಿದ ಆಟೋ ಬಳ್ಳಾರಿಯ ಬಾಡಿಗೆ ಕೋಣೆಗೆ ಹೊರಡಲು ಕಾಯುತ್ತಿತ್ತು. ಗೋಡೆಯ ಮೇಲೆ ಉಳಿದ ಅಕ್ಷರಗಳು ಮಾಸಿದ್ದವು. ಡ ಮಾತ್ರ ಕಪ್ಪಗೆ, ಹೊಸದಾಗಿತ್ತು. ನನ್ನ ಗಂಡ ಅದನ್ನೇ ನೋಡುತ್ತ ನಿಂತಿದ್ದರು. ಬಣ್ಣ ಬಿದ್ದ ದಿನದಿಂದ ಅವರು ನನ್ನನ್ನು ಕಾಡಿರಲೇ ಇಲ್ಲ.

“ಟೀಚರಮ್ಮ,” ಎಂದರು, “ಮೊದಲು ಬರದಿದ್ದ ಅಕ್ಷರಾನ ಸರಿ ಇತ್ತಲ್ಲ.”