ಕಾಯಿ ಇಳಿಸಿದ ಅಟ್ಟ

...ಮೂರು ಸಲ ಎಂದು ಈಗ ಹೇಳುತ್ತೇನೆ. ಆದರೆ ಮೊದಲ ಬಾರಿ ಕೇಳಿದಾಗ ನಾನು ಎಣಿಸಿದ್ದೆನೇ? ಇಲ್ಲವೆಂದೇ ತೋರುತ್ತದೆ. ಒಂದು ವರ್ಷ ಕಳೆದು ಅಕ್ಕ ಆ ಮೂರರ ಅರ್ಥ ಹೇಳಿದಳಲ್ಲ, ಅದಾದ ಮೇಲೆ ನನ್ನ ತಲೆಯೇ ಹಿಂದಕ್ಕೆ ಹೋಗಿ ಹಳೆಯ ಸದ್ದನ್ನು ಮೂರು ಮಾಡಿಕೊಂಡು ಬಂದಿರಬಹುದು. ನೆನಪು ಅಂಥ ಕೆಲಸ ಮಾಡುತ್ತದೆ. ಹಾಗಾಗಿ ಇಲ್ಲಿ ಒಂದೆರಡು ವಿವರ ಹೆಚ್ಚುಕಡಿಮೆಯಾದರೆ ಆಶ್ಚರ್ಯವಿಲ್ಲ. ಆದರೆ ಸದ್ದು ಬಂದದ್ದು ನಿಜ. ಎರಡು ಬೇರೆ ಬೇರೆ ಸಂಜೆ ಬಂತು. ಎರಡನೆಯ ಸಂಜೆ ಅಕ್ಕನೂ ಕೇಳಿದಳು.

ಕಿಬ್ಬನಹಳ್ಳಿ ಕ್ರಾಸಿನಲ್ಲಿ ನನ್ನದೊಂದು ಪಂಕ್ಚರ್ ಅಂಗಡಿ. ಅಕ್ಕನನ್ನು ಕೊಟ್ಟದ್ದು ಹುಳಿಯಾರಿನಾಚೆಯ ಒಂದು ಊರಿಗೆ. ಊರಿನ ಹೆಸರು ಬೇಡ. ಒಂದು ಕಾಲಕ್ಕೆ ಅಲ್ಲೊಂದು ಚಿನ್ನದ ಗಣಿ ಇತ್ತು. ದೊಡ್ಡದೇನಲ್ಲ. ಕೋಲಾರದ ಕಡೆಯಿಂದ ಬಂದ ಮೇಸ್ತ್ರಿಗಳು ನಮ್ಮ ಕಡೆಯ ಹುಡುಗರಿಗೆ ಕೆಲಸ ಕಲಿಸಿದ್ದರು. ಸೈರನ್ ಕೂಗಿದರೆ ಊರಿಗೆ ಊರೇ ಒಲೆ ಹಚ್ಚುತ್ತಿತ್ತಂತೆ. ಆಮೇಲೆ ಗಣಿ ಮುಚ್ಚಿತು. ಕೋಲಾರದವರು ಗಂಟುಮೂಟೆ ಕಟ್ಟಿದರು. ಊರಿನವರು ತೆಂಗಿಗೆ ಬಂದರು, ತೋಟ ಇಲ್ಲದವರು ತಿಪಟೂರಿಗೆ ಕಾಯಿ ಸುಲಿಯಲು ಹೋದರು. ಈಗ ಅಲ್ಲಿ ಉಳಿದಿರುವುದು ಸೂರಿಲ್ಲದ ಕ್ವಾರ್ಟರ್ಸು, ಕಾಂಕ್ರೀಟ್ ಹಾಕಿ ಮುಚ್ಚಿದ ಗಣಿಯ ಬಾಯಿ, ಕಲ್ಲು ಅರೆದು ಚಿನ್ನ ತೆಗೆದ ಮೇಲೆ ಸುರಿದ ಬೂದು ಮಣ್ಣಿನ ಗುಡ್ಡೆ. ಗಾಳಿ ಎದ್ದರೆ ಆ ಪುಡಿ ಅಕ್ಕನ ಮನೆಯ ಕುಡಿಯುವ ನೀರಿನವರೆಗೂ ಬರುತ್ತದೆ.

ಭಾವ ಆ ಗಣಿಯಲ್ಲಿ ಇಳಿದು ಕೆಲಸ ಮಾಡಿದವರು. ಮುಚ್ಚಿದ ಮೇಲೆ ಎಲ್ಲರಂತೆ ಕೊಬ್ಬರಿ ಮಾಡತೊಡಗಿದರು. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದೆಂದರೆ ಕಾಯುವುದು. ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಾಗ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆ.

ಕಾಯಿ ಹಾಕಿದ ಅಟ್ಟ ಎಂದೂ ಸುಮ್ಮನಿರುವುದಿಲ್ಲ. ಇಲಿ ಓಡಿದರೆ ಒಂದು ಕಾಯಿ ಉರುಳಿ ಇನ್ನೊಂದಕ್ಕೆ ಬಡಿಯುತ್ತದೆ. ಬಿಸಿಲಿಗೆ ಕಾದ ತೊಲೆ ಸಂಜೆಗೆ ಲಟಕ್ಕೆನ್ನುತ್ತದೆ. ಬೇರೆ ಕಡೆಯ ನೆಂಟರು ಬಂದರೆ ಬೆಚ್ಚಿ ಎದ್ದು ಕೂರುತ್ತಾರೆ. ನಾವು ನಗುತ್ತೇವೆ. ತೊಟ್ಟಿಲಲ್ಲಿದ್ದಾಗಿನಿಂದ ಆ ಸದ್ದಿನಡಿ ಮಲಗಿದವರಿಗೆ ಅದು ಕೇಳಿಸುವುದೇ ಇಲ್ಲ.

ಹೋದ ವರ್ಷ ನಾನು ಅಕ್ಕನ ಮನೆಗೆ ಹೋಗಿದ್ದೆ. ಹುಳಿಯಾರಿಗೆ ಹೋಗಿಬರುತ್ತೇನೆಂದು ಭಾವ ಮಧ್ಯಾಹ್ನ ಹೊರಟರು. ಫೋನು ಗೋಡೆಯಲ್ಲಿ ಚಾರ್ಜಿಗೆ ಹಾಕಿದ್ದು ಅಲ್ಲೇ ಉಳಿಯಿತು. ಸಂಜೆ ಮೋಟರಿಗೆ ಕರೆಂಟು ಬಂತೆಂದು ಅಕ್ಕ ತೋಟಕ್ಕೆ ನೀರು ತಿರುಗಿಸಲು ಹೋದಳು. ನಾನೊಬ್ಬನೇ ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಬಿದ್ದುಕೊಂಡಿದ್ದೆ. ಅರೆನಿದ್ದೆ.

ಮೇಲೆ ಟಕ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ... ಮತ್ತೆ...

ಇಲಿ, ಕಾಯಿ ಉರುಳಿಸುತ್ತಿವೆ ಎಂದುಕೊಂಡು ಮಗ್ಗುಲಾದೆ. ಅಷ್ಟೆ. ನಾನು ಮಾಡಿದ್ದು ಅಷ್ಟೆ.

ಭಾವ ರಾತ್ರಿ ಬರಲಿಲ್ಲ. ಹುಳಿಯಾರಿನಲ್ಲಿ ಪರಿಚಯದವರ ಮನೆಯಲ್ಲಿ ಉಳಿದಿರಬೇಕೆಂದು ಮಲಗಿದೆವು. ಬೆಳಿಗ್ಗೆ ಅಕ್ಕ ಹಿತ್ತಲಿಗೆ ಹೋದಾಗ ಅಟ್ಟಕ್ಕೆ ಏಣಿ ಹಾಕಿದ್ದು ಕಂಡಿತು. ಬಸ್ಸು ತಪ್ಪಿ ವಾಪಸು ಬಂದ ಭಾವ, ಮನೆಯೊಳಗೂ ಬಾರದೆ, ಕಾಯಿ ನೋಡಲು ಹಿಂದಿನಿಂದಲೇ ಹತ್ತಿದ್ದರು. ಕಾಯಿಗಳ ನಡುವೆ ಎಡಗಡೆಗೆ ಬಿದ್ದಿದ್ದರು. ಲಕ್ವ ಹೊಡೆದು ಬಾಯಿ ಒಂದು ಕಡೆಗೆ ಎಳೆದಿತ್ತು. ಜೀವ ಇರಲಿಲ್ಲ. ಬಲಗೈಯಲ್ಲಿ ಒಂದು ಕಾಯಿ. ಒಣಗಿದೆಯಾ ಎಂದು ಅಲ್ಲಾಡಿಸಿ ನೋಡುತ್ತಿದ್ದರೇನೋ, ಪಾಪ, ಎಂದರು ಬಂದವರೆಲ್ಲ. ನಾನೂ ಹಾಗೇ ಅಂದೆ.

ಅವರು ಅಟ್ಟಕ್ಕೆ ಹಾಕಿದ್ದ ಕಾಯಿಗಳನ್ನು ಅಕ್ಕ ಒಂದು ವರ್ಷ ಯಾರಿಗೂ ಮುಟ್ಟಗೊಡಲಿಲ್ಲ. ಈ ವರ್ಷ ನಾನೇ ಹೋಗಿ ಒತ್ತಾಯ ಮಾಡಿ, ಭಾವನ ಜೊತೆ ಗಣಿಯಲ್ಲಿದ್ದ ರಂಗಣ್ಣನನ್ನು ಸುಲಿಯಲು ಕರೆಸಿದೆ. ಅಕ್ಕ ಆಗಲೂ ಹಿಂದೆಮುಂದೆ ನೋಡುತ್ತಿದ್ದಳು.

"ನಮ್ಗೇ ಸಿಗ್ದಿರೋ ಪೆನ್ಶನ್ನು ಕಾಯಿಗೆ ಕೊಡ್ತೀಯೇನವ್ವ? ಇಳಿಸವ್ವ ಸಾಕು," ಎಂದ ರಂಗಣ್ಣ. ಅಕ್ಕ ವರ್ಷದಲ್ಲಿ ಮೊದಲ ಸಲ ನಕ್ಕಳು.

ಅಟ್ಟದಲ್ಲಿ ಒಂದು ಕಾಯಿಯೂ ಉಳಿಯಲಿಲ್ಲ. ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಕೊನೆಗೆ ಹತ್ತಿ ಗುಡಿಸಿದವನು ನಾನೇ. ಮೂಲೆಮೂಲೆಗೂ ಟಾರ್ಚ್ ಬಿಟ್ಟು ನೋಡಿ, ಇಳಿದು, ಏಣಿಯನ್ನು ನೆಲಕ್ಕೆ ಮಲಗಿಸಿದೆ. ಕೊಬ್ಬರಿ ಚೀಲಗಳು ಸಂಜೆಯೊಳಗೆ ತಿಪಟೂರಿನ ಗಾಡಿ ಹತ್ತಿದವು. ರಂಗಣ್ಣನೂ ಅದರಲ್ಲೇ ಹೋದ.

ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು. ಅಕ್ಕ ಬುಡ್ಡಿ ಹಚ್ಚಿಟ್ಟು ಮುದ್ದೆ ತೊಳಸುತ್ತಿದ್ದಳು. ನಾನು ಅಡಿಗೆಮನೆಯ ಕಂಬಕ್ಕೆ ಒರಗಿ ಕೂತಿದ್ದೆ. ತಲೆಯ ಮೇಲೆ ಒಂದು ವಿಚಿತ್ರ ನಿಶ್ಶಬ್ದ. ಅಟ್ಟ ಬರಿದಾದರೆ ಮನೆ ಹೀಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಒಲೆಯ ಚಿಟಿಚಿಟಿ, ಹೊರಗೆ ತೆಂಗಿನ ಗರಿಗಳ ಸರಸರ, ಅಷ್ಟೆ.

ಅಕ್ಕ ಮುದ್ದೆಕೋಲು ಕೆಳಗಿಟ್ಟು, ಡಾಕ್ಟರು ಹೇಳಿದ ಮಾತು ನೆನಪಿದೆಯಾ ಎಂದು ಕೇಳಿದಳು. ನೆನಪಿತ್ತು. ಬಿದ್ದ ತಕ್ಷಣ ಜೀವ ಹೋಗಿಲ್ಲ, ಸುಮಾರು ಹೊತ್ತು ಇದ್ದಿರಬೇಕು ಎಂದಿದ್ದರು.

"ಜೀವ ಇದ್ರೆ ಅವ್ರು ಸುಮ್ನೆ ಮಲಗೋ ಆಳಲ್ಲ ಕಣೋ," ಎಂದಳು. "ಬಡೀತಿದ್ರು."

"ಏನ್ ಬಡಿಯೋದಕ್ಕ?"

ಆಗ ಹೇಳಿದಳು. ಗಣಿಯಲ್ಲಿ ಆಳುಗಳನ್ನು ಇಳಿಸಿ ಹತ್ತಿಸುವ ತೊಟ್ಟಿಗೆ ಗಂಟೆ ಬಡಿಯುವ ಲೆಕ್ಕ ಇರುತ್ತಿತ್ತಂತೆ. ಕೋಲಾರದ ಮೇಸ್ತ್ರಿಗಳು ಮೊದಲು ಕಲಿಸಿದ್ದೇ ಅದನ್ನು. ಕೆಳಗಿನಿಂದ ಮೂರು ಬಡಿದರೆ, ಇಲ್ಲಿ ಇರುವುದು ಕಲ್ಲಲ್ಲ, ಮನುಷ್ಯ, ಹತ್ತಬೇಕು ಎಂದು. ಮೇಲಿನವನು ತಿರುಗಿ ಮೂರು ಬಡಿಯಬೇಕು. ಅಲ್ಲಿಯವರೆಗೆ ಕೆಳಗಿನವನು ತೊಟ್ಟಿಗೆ ಕಾಲಿಡುವಂತಿಲ್ಲ. ಮದುವೆಯಾದ ಹೊಸದರಲ್ಲಿ ಭಾವ ಪಾಳಿ ಮುಗಿಸಿ ಬಂದು ಬಾಗಿಲಿಗೆ ಮೂರು ಬಡಿಯುತ್ತಿದ್ದರಂತೆ. ಇವಳು ಒಳಗಿನಿಂದ ಮೂರು ಬಡಿದು ಆಮೇಲೆ ಚಿಲಕ ತೆಗೆಯುತ್ತಿದ್ದಳಂತೆ.

"ಬರೀ ಹುಡುಗಾಟ," ಎಂದಳು. ಒಲೆಯ ಕಡೆ ತಿರುಗಿ ಬೂದಿ ಕೆದಕಿದಳು. "ಬಾಯಿ ಹೋಗಿದ್ರೂ ಕೈ ಇತ್ತಲ್ಲಪ್ಪ. ಕೈಯಾಗೆ ಕಾಯಿ ಇತ್ತಲ್ಲ."

ನನ್ನ ಬೆನ್ನು ಕಂಬಕ್ಕೆ ಅಂಟಿಕೊಂಡಂತಾಯಿತು.

"ನಾನು ತೋಟದಾಗಿದ್ದೆ. ಒಳಗಿದ್ದೋನು ನೀನೊಬ್ನೇಯ. ನಿಂಗೇನೂ ಕೇಳಿಸ್ಲಿಲ್ವೇನೋ?"

"ಇಲ್ಲ ಕಣಕ್ಕ."

ಇಷ್ಟು ಬೇಗ ಸುಳ್ಳು ಬಾಯಿಗೆ ಬಂದದ್ದು ನನ್ನ ಜೀವನದಲ್ಲೇ ಇಲ್ಲ. ಅಕ್ಕ ಉಸಿರು ಬಿಟ್ಟಳು.

"ಹಂಗಾದ್ರೆ ಸರಿ ಬುಡು. ಬಡೀದೇ ಹೋಗಿದ್ರೆ ಚಿಂತೆಯಿಲ್ಲ. ಬಡ್ದು ಬಡ್ದು, ಯಾರೂ ತಿರುಗಿ ಬಡೀಲಿಲ್ಲ ಅಂತ ಅವ್ರು ಕಾಯ್ಕೊಂಡಿದ್ರೇನೋ ಅನ್ನೋದೇ ನಂಗೆ..."

ಮಾತು ಮುಗಿಸಲಿಲ್ಲ. ಅಥವಾ ಮುಗಿಸುವಷ್ಟರಲ್ಲೇ ಅದು ಬಂತೋ...

ಟಕ್.

ಟಕ್.

ಟಕ್.

ಸರಿಯಾಗಿ ನಮ್ಮ ನೆತ್ತಿಯ ಮೇಲೆ. ತೊಲೆಗೆ ಬಡಿದ ಸದ್ದು. ಈ ಸಲ ಎಣಿಸಿದೆ. ಮೂರು.

ಅಕ್ಕ ಮೇಲಕ್ಕೆ ನೋಡಲಿಲ್ಲ. ನನ್ನ ಮುಖ ನೋಡಿದಳು.

"ಇಲಿ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಉರುಳ್ಸಾಕೆ ಕಾಯಿ ಎಲ್ಲೈತೆ?" ಎಂದಳು, ಅಷ್ಟೇ ಮೆಲ್ಲಗೆ.

ವಾಸನೆಯೂ ಬಂತು. ಮೊದಲು ಕೊಬ್ಬರಿಯದು, ಅದು ಹಾಸುಹಲಗೆಗೆ ಹಿಡಿದದ್ದಿರಬಹುದು. ಅದರ ಹಿಂದೆ ಇನ್ನೊಂದು. ಒದ್ದೆ ಕಲ್ಲಿನ ವಾಸನೆ, ಪಟಾಕಿ ಸುಟ್ಟ ಮೇಲೆ ಉಳಿಯುವಂಥ ಮದ್ದಿನ ಕಮಟು. ಅಕ್ಕ ಮೂಗನ್ನು ಮೇಲೆತ್ತಿ ಎಳೆದುಕೊಂಡಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಕಾದವರಿಗೆ ದೂರದಲ್ಲಿ ದೀಪ ಕಂಡಾಗ ಮುಖ ಹಾಗಾಗುತ್ತದೆ.

ಮತ್ತೆ ಮೂರು. ಈ ಸಲ ಇನ್ನೂ ನಿಧಾನ, ಆಯಾಸವಾದವರ ಹಾಗೆ.

ಅಕ್ಕ ಮುದ್ದೆಕೋಲು ತೆಗೆದುಕೊಂಡು ಎದ್ದು ಬಂದು, ನಾನು ಒರಗಿದ್ದ ಕಂಬಕ್ಕೆ ಬಡಿದಳು. ಒಂದು. ಎರಡು. ಮೂರು. ಪ್ರತಿ ಏಟೂ ನನ್ನ ಬೆನ್ನಿನೊಳಗೆ ಇಳಿಯಿತು.

ಆಮೇಲೆ ಇಬ್ಬರೂ ಮೇಲಕ್ಕೆ ಕಿವಿಗೊಟ್ಟೆವು. ಮುದ್ದೆಯ ಹಬೆ ನಿಂತಿತ್ತು, ಅದಷ್ಟೇ ನೆನಪು. ಗರಿಗಳೂ ಸುಮ್ಮನಾಗಿದ್ದವು.

ಮೇಲೆ ಒಂದೇ ಒಂದು ಸಲ... ಟಕ್.

"ಒಂದು ಅಂದ್ರೆ ಮೇಲಕ್ಕೆ ಎಳೀರಿ ಅಂತ," ಎಂದಳು ಅಕ್ಕ. ನನಗಲ್ಲ, ತನಗೇ ಹೇಳಿಕೊಂಡ ಹಾಗೆ. ಕೋಲು ಕಂಬಕ್ಕೆ ಒರಗಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವಾಸನೆ ಹೋಗಿತ್ತು.

ಅವಳಿಗೆ ಆಗ ಗೊತ್ತಾಗಿಹೋಗಿತ್ತು, ಅವತ್ತು ಬಡಿದಿದ್ದರು ಎಂದು. ಇನ್ನು ನಾನೇ ಹೇಳಬೇಕಿತ್ತು.

"ಅಕ್ಕ," ಎಂದೆ. "ಅವತ್ತು ನಂಗೆ ಕೇಳಿಸ್ತು. ಇಲಿ ಅನ್ಕೊಂಡೆ."

ನಾನು ಹಾಗೆನ್ನುತ್ತಿರುವಾಗಲೇ ಕರೆಂಟು ಬಂತು. ನಡುಮನೆಯಲ್ಲಿ ಆರಿಸದೇ ಬಿಟ್ಟಿದ್ದ ಟಿವಿ ಒಮ್ಮೆಲೇ ಅರಚಿತು. ಯಾವುದೋ ಸೀರಿಯಲ್ಲಿನ ಅತ್ತೆ ಸೊಸೆ ಕೂಗಾಡುತ್ತಿದ್ದರು. ಅಕ್ಕ ಹೋಗಿ ಆರಿಸಿ ಬಂದಳು. ಕಣ್ಣು ಒರೆಸಿಕೊಂಡಿದ್ದಳು. ಮುದ್ದೆ ಆರಿಹೋಯ್ತು, ಉಣ್ಣು ಎಂದು ತಟ್ಟೆಗೆ ಹಾಕಿದಳು. ಸಾರಿಗೆ ಉಪ್ಪು ಸಾಲದು ಎಂದು ತಾನೇ ಹೇಳಿಕೊಂಡು ಉಪ್ಪು ತಂದಳು.

ಬೆಳಿಗ್ಗೆ ಏಣಿ ಹಾಕಿ ಹತ್ತಿ ನೋಡಿದೆ. ನನ್ನ ಪೊರಕೆಯ ಗೆರೆಗಳು ಹಾಗೇ ಇದ್ದವು. ಇಲಿಯ ಹೆಜ್ಜೆಯೂ ಇರಲಿಲ್ಲ. ತೊಲೆಯಲ್ಲಿ ಒಂದು ಕಡೆ ಬೆರಳಗಲ ನೆಗ್ಗಿತ್ತು. ಹೋದ ವರ್ಷದ್ದೋ, ಅದಕ್ಕಿಂತ ಹಳೆಯದೋ, ತಿಳಿಯಲಿಲ್ಲ.

ಕಾಯಿಯ ಭಾರ ಇಳಿದು ತೊಲೆ ಸಡಿಲಗೊಂಡ ಸದ್ದು ಅದು ಎಂದು ಯಾರೋ ಅಂದರು. ಇರಬಹುದು. ಲೆಕ್ಕ ಹಾಕಿ ಸಡಿಲಗೊಳ್ಳುತ್ತದೆಯೇ?

ಆದರೆ ನನ್ನನ್ನು ಕಾಡುವುದು ಅದಲ್ಲ. ಅಕ್ಕ ಈಗಲೂ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಅಂಗಡಿ ಹೆಂಗೈತೆ, ಮಂಡಿನೋವು ಹೆಂಗೈತೆ ಎಂದು ವಿಚಾರಿಸುತ್ತಾಳೆ. ಆ ಮಾತು ಎತ್ತುವುದಿಲ್ಲ. ಇನ್ನೊಂದು ಸಲ ಹೇಳಲು ನನಗೆ ಬಾಯಿ ಬರುತ್ತಿಲ್ಲ. ಅವತ್ತಾದರೂ ಎಷ್ಟು ಗಟ್ಟಿಯಾಗಿ ಹೇಳಿದ್ದೆನೋ... ಟಿವಿಯ ಗದ್ದಲದಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ, ನನಗೆ ಗೊತ್ತಿಲ್ಲ.