ಬಗೀಚದ ಎಲುಬು, ನೀಲಾಬಾಯಿಯ ಎತ್ತು

ವಳಸಂಗದ ನೀಲಾಬಾಯಿಗೆ ಹಟ ಹುಟ್ಟಿನಿಂದಲೇ ಬಂದದ್ದು. ಊರ ಬಗೀಚದಲ್ಲಿ ಕಾರಂಜಿಗೆಂದು ಅಗೆಯುವಾಗ ಜೆಸಿಬಿಗೆ ದೊಡ್ಡದೊಂದು ಕೊಂಬು ಸಿಕ್ಕಿತೆಂದು ಕೇಳಿದ್ದೇ ತಡ, ಹಂಚಿನ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟು ಬಂದು ತಗ್ಗಿನ ದಂಡೆಯ ಮೇಲೆ ಕುಳಿತುಬಿಟ್ಟಳು.

"ಇದು ನಮ್ಮ ಹೌಶ್ಯಾ. ಯಾರೂ ಮುಟ್ಟಬ್ಯಾಡ್ರಿ," ಅಂದಳು.

ಹೌಶ್ಯಾ ಅಂದರೆ ಅವಳ ಮನೆಯ ಖಿಲಾರಿ ಎತ್ತು. ಬಗೀಚ ಆಗುವ ಮೊದಲು ಹಳ್ಳದ ದಂಡೆಯ ಆ ಜಾಗ ಅವಳ ಗಂಡ ಕಲ್ಲಣ್ಣನ ಹೊಲವಾಗಿತ್ತು. ಅವಳು ಮದುವೆಯಾಗಿ ಬಂದಾಗ ಹೌಶ್ಯಾ ಇನ್ನೂ ಕರು. ಅತ್ತೆ ಬೈದ ದಿನ ಅದರ ಕೊರಳಿಗೆ ಒರಗಿಕೊಂಡು ಅತ್ತವಳು ಅವಳು. ಮುದಿಯಾಗಿ ಅದು ಸತ್ತಾಗ ಮಾತ್ರ ಅವಳು ಊರಲ್ಲಿರಲಿಲ್ಲ. ತಮ್ಮನ ಮದುವೆಗೆಂದು ಅಕ್ಕಲಕೋಟೆಯ ತವರಿಗೆ ಹೋಗಿದ್ದಳು. ತಿರುಗಿ ಬಂದರೆ ಗೋದಲಿ ಖಾಲಿ.

"ಹೌಶ್ಯಾ ಹೋದ. ಹೊಲದಾಗಿನ ಬೇವಿನ ಬುಡಕ ಮಣ್ಣು ಮಾಡೀನಿ," ಅಂದ ಕಲ್ಲಣ್ಣ. ಅಷ್ಟೇ. ಮೂರನೆಯ ಮಾತಾಡಿದರೆ ಹಲ್ಲು ಉದುರುತ್ತವೆಂದು ತಿಳಿದ ಮನುಷ್ಯ ಅವನು.

ಅದೇ ವಾರ ಅವಳ ತವರಿನ ಹಿತ್ತಾಳೆ ತಂಬಿಗೆ ಕಾಣದಾಯಿತು. ನೀಲಾಬಾಯಿ ಹಿಂದೆ ಮುಂದೆ ನೋಡದೆ ಅದೇ ಮನೆಯ ಇನ್ನೊಬ್ಬ ಸೊಸೆ, ನೆಗೆಣ್ಣಿ ಗುರಮ್ಮನ ಮೇಲೆ ಕಳವು ಹೊರಿಸಿದಳು, ಅದೂ ಓಣಿಯವರೆಲ್ಲರ ಮುಂದೆ. ಗುರಮ್ಮನೇನು ಕಡಿಮೆಯೇ?

"ನನ್ನ ಕಳ್ಳಿ ಅಂತಿ. ನಿನ್ನ ಗಂಡ ಎತ್ತು ಕಡಿಯೋರಿಗೆ ಮಾರ್ಯಾನ. ಅದನ್ನ ಮೊದಲ ಕೇಳು," ಅಂದಳು.

ಆ ತಿಂಗಳೇ ಮನೆಯ ಮಾಳಿಗೆಗೆ ಹೊಸ ತಗಡಿನ ಪತ್ರೆ ಬಿದ್ದಿತ್ತು. ಸಂಶಯಕ್ಕೆ ಇನ್ನೇನು ಬೇಕು? ಎರಡು ಸಂಸಾರ ಬೇರೆಯಾಗಿ ಮನೆಯ ನಡುವೆ ಗೋಡೆ ಎದ್ದಿತು. ನೀಲಾಬಾಯಿ ಮಾತ್ರ ಗಂಡನನ್ನು ಎಂದೂ ಕೇಳಲಿಲ್ಲ. ಹೌದೆಂದರೆ ಏನು ಮಾಡುವುದೆಂಬ ಭಯ. ಆ ಮಾತು ಬಾಯಲ್ಲಿ ಬಿಸಿತುಪ್ಪವಾಗಿ ಕುಳಿತಿತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಪ್ರತಿ ವರ್ಷ ಕಾರಹುಣ್ಣಿಮೆಗೆ ಬೇವಿನ ಬುಡಕ್ಕೆ ಹೋಳಿಗೆ ಇಟ್ಟು ವಾರೆಗಣ್ಣಿನಿಂದ ಗಂಡನ ಮುಖ ನೋಡುತ್ತಿದ್ದಳು. ಅವನು ಕೈ ಮುಗಿದು ನಿಲ್ಲುತ್ತಿದ್ದ. ಮುಗಿದ ಕೈಯನ್ನು ಎಷ್ಟು ನಂಬುವುದು? ಕಡೆಗೆ ಕಲ್ಲಣ್ಣನೂ ಹೋದ. ಬಗೀಚ ಮಾಡುವಾಗ ಬೇವನ್ನೂ ಕಡಿದರು. ಸಂಶಯ ಮಾತ್ರ ಉಳಿಯಿತು.

ಈಗ ಈ ಕೊಂಬು ಹೌಶ್ಯಾನದಾದರೆ ಗಂಡ ಸುಳ್ಳು ಹೇಳಿರಲಿಲ್ಲ. ಅವಳಿಗೆ ಬೇಕಾದದ್ದು ಅಷ್ಟೇ.

ಸೊಲ್ಲಾಪುರದ ಕಾಲೇಜಿನಿಂದ ಸಾರಿಕಾ ಎಂಬ ಹುಡುಗಿ ಬಂದಳು, ಹಳೆಯ ಎಲುಬು ಓದುವವಳು. ಗದರಿಸಲಿಲ್ಲ. ಪಕ್ಕದಲ್ಲಿ ಕುಳಿತು ಕೊಂಬನ್ನು ನೀಲಾಬಾಯಿಯ ತೊಡೆಯ ಮೇಲೆ ಇಟ್ಟಳು. ಅದು ಒನಕೆಗಿಂತ ದಪ್ಪ.

"ಆಜಿ, ನಿಮ್ಮ ಎತ್ತಿಂದು ಇಷ್ಟ ದೊಡ್ಡದಿತ್ತೇನ್ರಿ? ಇದು ಕಲ್ಲಾಗ್ಯದ ನೋಡ್ರಿ. ಇದು ಕಾಡೆತ್ತು. ಹಜಾರೋ ವರ್ಷದ ಹಿಂದಿಂದು, ಮನಷ್ಯಾ ಎತ್ತು ಕಟ್ಟೂದು ಕಲಿಯೂಕಿಂತ ಮೊದಲಿಂದು."

"ನಿನ್ನ ಹೌಶ್ಯಾನ ಮುತ್ಯಾ ಇರಬೇಕ ಬಿಡು, ಆಯಿ," ಅಂದ ಯಾರೋ. ಎಲ್ಲರೂ ನಕ್ಕರು.

"ಹಂಗಾರ ನಮ್ಮದು ಎಲ್ಲಿ ಹೋತು?" ಅಂದಳು ನೀಲಾಬಾಯಿ. ನಗು ನಿಂತಿತು.

ಗಂಡನನ್ನು ಕೇಳಲಾಗದ್ದನ್ನು ಅವಳು ಆ ಮಧ್ಯಾಹ್ನ ಗುರುತಿಲ್ಲದ ಹುಡುಗಿಯ ಮುಂದೆ ಹೇಳಿಕೊಂಡಳು. ಕಾಡೆತ್ತಿನ ಉಳಿದ ಎಲುಬು ಹುಡುಕಲು ತಗ್ಗನ್ನು ಹೇಗೂ ಅಗಲ ಮಾಡಬೇಕಿತ್ತು. "ಮ್ಯಾಲಿನ ಮಣ್ಣು ಕೈಲೇ ತಗಸ್ತೀನಿ. ನೀವು ಇಲ್ಲೇ ಕುಂದರ್ರಿ," ಅಂದಳು ಸಾರಿಕಾ. ಬೇಡವೆಂದಿದ್ದರೂ ನೀಲಾಬಾಯಿ ಏಳುತ್ತಿರಲಿಲ್ಲ.

ಒಂದು ಮುಂಜಾನೆ, ಕಾಡೆತ್ತು ಮಲಗಿದ್ದ ಕಲ್ಲುಗರಸಿನ ಪದರಕ್ಕಿಂತ ಎಷ್ಟೋ ಮೇಲೆ, ಕರಿಮಣ್ಣಿನಲ್ಲಿ, ಬೇವಿನ ಕೊಳೆತ ಬೇರಿನ ಪಕ್ಕ ಬೇರೆ ಎಲುಬು ಕಂಡವು. ಸಾಧಾರಣ ಎತ್ತಿನವು. ಕೊಂಬಿನ ತುದಿಗೆ ಹಸಿರುಗಟ್ಟಿದ ಎರಡು ಹಿತ್ತಾಳೆ ಅಣಸು. ಸೊಲ್ಲಾಪುರದ ನವಿ ಪೇಠದ ಅಂಗಡಿಯಲ್ಲಿ ಗಂಡನ ಜೊತೆ ನಿಂತು ಅವಳೇ ಆರಿಸಿ ತಂದವು.

"ಖರೇ ಹೇಳಿದ್ದಾ," ಅಂದಳು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಇಷ್ಟು ವರ್ಷ ಅನ್ನ ಬಡಿಸಿದ ಕೈಯಲ್ಲೇ ಸಂಶಯವನ್ನೂ ಬಡಿಸಿದೆನಲ್ಲ ಎಂದು ತನ್ನನ್ನೇ ಹಳಿದುಕೊಂಡಳು.

ಅಷ್ಟರಲ್ಲಿ ಸಾರಿಕಾ ಎತ್ತಿನ ಬಾಯಿಯ ಹತ್ತಿರದಿಂದ ಇನ್ನೊಂದು ವಸ್ತು ಎತ್ತಿದಳು. ನೆಗ್ಗಿದ ತಂಬಿಗೆ. ಕಂಠದ ಮೇಲೆ ತವರಿನ ಹೆಸರು.

ಸಾಯುವವರಿಗೆ ಕಡೆಯ ನೀರು ಹಾಕಿದ ತಂಬಿಗೆ ಮನೆಗೆ ಮರಳಬಾರದೆಂಬುದು ಅವರ ಮನೆತನದ ರೂಢಿ. ಮನುಷ್ಯರಿಗೆ ಮಾಡುವುದನ್ನು ಕಲ್ಲಣ್ಣ ಎತ್ತಿಗೆ ಮಾಡಿದ್ದ. ಹೆಂಡತಿಯ ತವರಿನ ತಂಬಿಗೆಯನ್ನು ಕೇಳದೆ ಒಯ್ದೆನೆಂದು ಹೇಳಲು ಅಂಜಿದ. ಜಗಳ ಬೆಳೆದ ಮೇಲೆ ಇನ್ನಷ್ಟು ಅಂಜಿದ. ಇಂಥ ಒಳ್ಳೆಯವನಿಗೆ ದೇವರು ಇನ್ನು ನಾಲ್ಕು ಮಾತು ಕೊಟ್ಟಿದ್ದರೆ ಮನೆಯೊಳಗೆ ಆ ಗೋಡೆಯಾದರೂ ಏಳುತ್ತಿರಲಿಲ್ಲ.

ನೀಲಾಬಾಯಿ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆದಳು, ತನ್ನ ಬಾಗಿಲಿಗಲ್ಲ, ಗೋಡೆಯ ಆಚೆಯ ಬಾಗಿಲಿಗೆ. ಗುರಮ್ಮ ಜೋಳ ಹಸನು ಮಾಡುತ್ತಿದ್ದಳು. ಸೆರಗು ಸರಿಸಿ ತೋರಿಸಿದ ತಂಬಿಗೆ ನೋಡಿದಳು, ಮುಟ್ಟಲಿಲ್ಲ.

"ನೀ ತಗೊಂಡಿರಲಿಲ್ಲ," ಅಂದಳು ನೀಲಾಬಾಯಿ.

"ಅದು ನನಗ ಅವತ್ತೂ ಗೊತ್ತಿತ್ತು."

"ಅಂವ ಎತ್ತು ಮಾರಿರಲಿಲ್ಲ."

ಗುರಮ್ಮ ಜೋಳದಲ್ಲಿ ಹರಳು ಹುಡುಕುತ್ತಲೇ ಇದ್ದಳು.

"ಅದೂ ಗೊತ್ತಿತ್ತು. ಸಿಟ್ಟಿನಾಗ ಅಂದಿದ್ದೆ. ನೀ ನಂಬತಿ ಅಂತ ಅನಕೊಂಡಿರಲಿಲ್ಲ."

ಆಮೇಲೆ ಜೋಳದ ಮೊರವನ್ನು ಬದಿಗೆ ಸರಿಸಿ ಚಾಪೆಯ ಮೇಲೆ ಜಾಗ ಮಾಡಿದಳು.